ಸೀಗೇನಹಳ್ಳಿಯ ನರ್ಸಮ್ಮ ಬರೆಯದೆ ಬಿಟ್ಟದ್ದು

ಸೀಗೇನಹಳ್ಳಿಯ ನರ್ಸು ದಿಲ್ಷಾದ್ ಬೇಗಂಗೆ ಸುಳ್ಳು ಬರೆಯಲು ಬರುತ್ತಿರಲಿಲ್ಲ. ಅದೇ ಅವಳ ಕೆಲಸಕ್ಕೆ ಕುತ್ತಾಯಿತು.

ಚಿಂತಾಮಣಿಯ ಬಳೆ ಅಂಗಡಿಯವರ ಮಗಳು. ಎಂಬತ್ತರಲ್ಲಿ ಈ ಊರಿನ ಆರೋಗ್ಯ ಉಪಕೇಂದ್ರಕ್ಕೆ ಬಂದಾಗ, ಒಂದು ವರ್ಷ ಇದ್ದು ವರ್ಗ ಮಾಡಿಸಿಕೊಳ್ಳೋಣ ಎಂದುಕೊಂಡಿದ್ದಳು. ಹನ್ನೆರಡು ವರ್ಷ ಕಳೆದದ್ದೇ ಗೊತ್ತಾಗಲಿಲ್ಲ. ಉಪಕೇಂದ್ರವೆಂದರೆ ಒಂದು ಕೋಣೆ, ಒಂದು ಮೇಜು, ಒಂದು ಮಂಚ. ಕಟ್ಟಿಸಿದ ಪುಣ್ಯಾತ್ಮರು ಅದನ್ನು ಹಾಲಿನ ಡೇರಿಯ ಎದುರಿಗೇ ಕಟ್ಟಿಸಿದ್ದರು. ಊರಿನ ಗಂಡಸರೆಲ್ಲ ಅಲ್ಲೇ ಹರಟೆ ಹೊಡೆಯುತ್ತ ಕೂತಿರುತ್ತಿದ್ದರು. ಅವರ ಕಣ್ಣೆದುರಿಗೆ ಯಾವ ಬಸುರಿ ತಾನೇ ಬಂದಾಳು? ಹದಿನೈದು ದಿನ ಕಾದು ಬೇಸತ್ತ ದಿಲ್ಷಾದ್, ಚೀಲ ಹೆಗಲಿಗೇರಿಸಿ ತಾನೇ ಮನೆಮನೆಗೆ ಹೊರಟಳು. ಹೆರಿಗೆ, ಚುಚ್ಚುಮದ್ದು, ಜ್ವರ, ಗಾಯ ಎಲ್ಲವೂ ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ, ಕಡ್ಲೆಕಾಯಿ ಹೊಲದ ಬದುವಿನಲ್ಲಿ ನಡೆದವು.

ಆದರೆ ರಿಜಿಸ್ಟರು ಕೇಳುತ್ತಿದ್ದುದು ಕೇಂದ್ರಕ್ಕೆ ಬಂದವರೆಷ್ಟು, ಕೇಂದ್ರದಲ್ಲಾದ ಹೆರಿಗೆಯೆಷ್ಟು ಎಂದು. ಬಾರದವರನ್ನು ಬಂದರೆಂದು ಬರೆಯುವುದು ಹೇಗೆ? ದಿಲ್ಷಾದ್ ತಿಂಗಳು ತಿಂಗಳೂ ಅಚ್ಚುಕಟ್ಟಾಗಿ ಸೊನ್ನೆ ಸುತ್ತಿ, ರುಜು ಹಾಕಿ ಕಳಿಸಿದಳು.

ತೊಂಬತ್ತೆರಡರಲ್ಲಿ ಖರ್ಚು ಕಡಿಮೆ ಮಾಡಲು ಹೊರಟ ಮೇಲಿನವರ ಕಣ್ಣಿಗೆ ಆ ಸೊನ್ನೆಗಳು ಬಿದ್ದವು. ರೋಗಿಗಳೇ ಇಲ್ಲದ ಊರಿಗೆ ನರ್ಸು ಯಾಕೆ? ಕೇಂದ್ರ ಮುಚ್ಚಿದರಾಯಿತು, ಜನ ಎಂಟು ಕಿಲೋಮೀಟರ್ ದೂರದ ನಗರಗೆರೆಗೆ ಹೋಗಲಿ! ಕೊನೆಯ ಸಲ ನೋಡಿ ಸಹಿ ಹಾಕಲು ಸಾಹೇಬರೊಬ್ಬರು ಬುಧವಾರ ಬರುತ್ತಾರೆಂದು ಸುದ್ದಿಯಾಯಿತು. ನಗರಗೆರೆಗೆ ದಿನಕ್ಕೆ ಎರಡೇ ಬಸ್ಸು, ಅದೂ ಡ್ರೈವರಿಗೆ ಮನಸ್ಸು ಬಂದರೆ. ಊರಿನ ಬಸುರಿ ಗಂಗುಲಮ್ಮನಿಗೆ ಆಗಲೇ ಒಂಬತ್ತು ತಿಂಗಳು ತುಂಬಿತ್ತು. ದಿಲ್ಷಾದ್ ದಿನಕ್ಕೆರಡು ಸಲ ಹೋಗಿ ಅವಳನ್ನು ನೋಡಿಬಂದಳು.

ಡೇರಿ ಸೆಕ್ರೆಟರಿ ನಲ್ಲಪ್ಪ ಮಾತ್ರ ಹುರುಪಿನಲ್ಲಿದ್ದ. "ನೀವ್ ಸುಮ್ಕಿರಿ ನರ್ಸಮ್ಮ. ಬುಧವಾರ ಇಡೀ ಊರೇ ಕಾಯಿಲೆ ಬೀಳ್ತೈತೆ."

"ಬೇಡಪ್ಪ. ಸುಳ್ಳು ಕಾಯಿಲೆ ನಾನು ಬರೆಯಲ್ಲ."

"ನೀವ್ ಬರೀಬೇಡ್ರಮ್ಮ. ಅವರೇ ಕಣ್ಣಾರೆ ನೋಡ್ಲಿ."

ಬುಧವಾರ ಜೀಪು ಬಂದು ನಿಂತಾಗ ಸಾಲು ಡೇರಿಯನ್ನು ಸುತ್ತಿ ಶಾಲೆಯವರೆಗೆ ಹೋಗಿತ್ತು. ಶಾಲೆಯ ಮಕ್ಕಳೂ ಸಾಲಿನಲ್ಲಿದ್ದರು. ಊರು ಕೆಮ್ಮಿದ ಕೆಮ್ಮಿಗೆ ಕಟ್ಟಿಹಾಕಿದ್ದ ಎಮ್ಮೆಗಳು ಬೆದರಿದವು. ಸಾಹೇಬರು ಮೊದಲು ಕೇಳಿದ್ದು ಸಾಲಿನ ಮುಂದೆ ನಿಂತಿದ್ದ ಬಯ್ಯಪ್ಪನನ್ನು.

"ಏನಯ್ಯ ನಿಂಗೆ?"

"ಹೊಟ್ಟೆನೋವು ಸಾಮಿ, ಪ್ರಾಣ ಹೋಗ್ತೈತೆ," ಎಂದು ಬಯ್ಯಪ್ಪ ಮೊಣಕಾಲು ಹಿಡಿದುಕೊಂಡ.

ಸಾಹೇಬರೇನು ಕಿವಿಯಲ್ಲಿ ಹೂವಿಟ್ಟುಕೊಂಡು ಬಂದವರಲ್ಲ. ದಿಲ್ಷಾದ್ ಕಡೆ ತಿರುಗಿ, "ಇದೆಲ್ಲ ನಿನ್ನ ನಾಟಕಾನಾ? ಎಲ್ಲರ ಹೆಸರೂ ವರದೀಲಿ ಬರೀತೀನಿ," ಎಂದು ಸಿಡುಕಿದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಕ್ಕಳು ಸುಳ್ಳು ಹೇಳುವುದಿಲ್ಲವೆಂದು ಸಾಹೇಬರು ಎದುರಿಗಿದ್ದ ಹುಡುಗಿಯ ಹೆಸರು ಕೇಳಿದರು.

"ದಿಲ್ಷಾದಮ್ಮ."

ಪಕ್ಕದವಳೂ ದಿಲ್ಷಾದಮ್ಮ. ಅವಳ ಹಿಂದಿನವಳೂ ದಿಲ್ಷಾದಮ್ಮ. ಸಾಹೇಬರ ಮುಖ ಕೆಂಪಗಾಯಿತು. "ನರ್ಸ್ ಹೆಸರು ಹೇಳು ಅಂತ ಯಾರೇ ಹೇಳ್ಕೊಟ್ಟಿದ್ದು?" ಎಂದು ಗದರಿದಾಗ ಹುಡುಗಿ ಅಳತೊಡಗಿದಳು.

ಅವಳ ತಾಯಿ ಅಮ್ಮಾಜಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಮಗೀಗ್ಯಾಕೆ ಗದರ್ತೀರ ಸಾಮಿ? ಎರಡು ದಿನ ನೋವು ತಿಂದೆ. ನಾನೂ ಇದೂ ಬದುಕಿದ್ದೇ ಈ ತಾಯಿಂದ. ಸೀರೆ ಕೊಟ್ರೆ ಮುಟ್ಟಲಿಲ್ಲ, ಅದಕ್ಕೆ ಹೆಸರಾದ್ರೂ ಇಟ್ಕೊಂಡೆ. ಆಮೇಲೆ ಊರೋರೂ ಹಂಗೇ ಮಾಡಿದ್ರು. ದರ್ಗಾದ ಬಾಬಯ್ಯನ ಹೆಸರು ಇಡ್ತೀವಿ, ಈಯಮ್ಮನ ಹೆಸರು ಇಡಬಾರದಾ? ಇಸ್ಕೂಲು ಪುಸ್ತಕ ತರಿಸಿ ನೋಡ್ಕೊಳ್ಳಿ!"

ತರಿಸಿಯೇ ಬಿಟ್ಟರು. ವೆಂಕಟರವಣಪ್ಪ ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಬೆರಳಿಟ್ಟು ತೋರಿಸುತ್ತ ಹೋದರು. ಬೇರೆ ಬೇರೆ ಅಪ್ಪಂದಿರ, ಬೇರೆ ಬೇರೆ ವರ್ಷದ ಹನ್ನೊಂದು ದಿಲ್ಷಾದಮ್ಮಂದಿರು. "ಹಾಜರಿ ಕೂಗೋದೇ ಕಷ್ಟ ಸಾರ್. ದೊಡ್ಡ ದಿಲ್ಷಾದಮ್ಮ, ಕುಳ್ಳ ದಿಲ್ಷಾದಮ್ಮ, ಗುಂಗುರುಕೂದಲ ದಿಲ್ಷಾದಮ್ಮ ಅಂತೀನಿ."

ಸಾಹೇಬರು ನಕ್ಕೇಬಿಟ್ಟರು. "ಈ ಹನ್ನೊಂದೂ ನೀನು ಮಾಡಿಸಿದ ಹೆರಿಗೇನಾ?"

"ಹೌದು ಸಾರ್. ಇನ್ನೂ ಇದ್ದಾರೆ. ಗಂಡುಮಕ್ಕಳಿಗೆ ನನ್ನ ಹೆಸರು ಇಡೋಕಾಗಲ್ಲವಲ್ಲ."

"ಒಟ್ಟು ಎಷ್ಟು?"

"ಗೊತ್ತಿಲ್ಲ ಸಾರ್. ಎಣಿಸಿಲ್ಲ."

"ಉಳೀದೇ ಇದ್ದವರು?"

"ಇಬ್ಬರು," ಎಂದಳು ದಿಲ್ಷಾದ್ ತಕ್ಷಣ. "ಎಂಬತ್ತೇಳು, ಸಂಕ್ರಾಂತಿ ಆದ ಮಂಗಳವಾರ. ಕೊಂಡಪ್ಪನ ಹೆಂಡತಿ, ಅವಳ ಮಗು. ನನ್ನನ್ನ ಹದಿನೈದು ದಿನ ಬೇರೆ ಕಡೆ ಡ್ಯೂಟಿಗೆ ಹಾಕಿದ್ರು. ಇಲ್ಲಿ ಬೀಗ ಹಾಕಿತ್ತು. ಗಾಡೀಲಿ ನಗರಗೆರೆಗೆ ಹೊರಟೋರು ದಾರೀಲೇ ವಾಪಸ್ ಬಂದ್ರು."

ಕೆಮ್ಮುತ್ತಿದ್ದವರೆಲ್ಲ ಸುಮ್ಮನಾದರು. ಸಾಲಿನ ಕೊನೆಯಲ್ಲಿ ನಿಂತಿದ್ದ ಕೊಂಡಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಸಾಹೇಬರು ದಾಖಲಾತಿ ಪುಸ್ತಕ ಮುಚ್ಚಿ ಮೇಷ್ಟ್ರ ಕೈಗೆ ಕೊಟ್ಟರು. ಆಮೇಲೆ ಸಹಿಗೆಂದು ತಂದಿದ್ದ ಕಾಗದ ಮಡಿಸಿ ಜೇಬಿಗಿಟ್ಟರು.

"ಇದಕ್ಕೆ ನಾನು ಸಹಿ ಹಾಕಲ್ಲಮ್ಮ. ಮೇಲಿನವರಿಗೆ ನಾನೇ ಹೇಳ್ತೀನಿ. ನೀವು ಇಲ್ಲೇ ಇರಿ."

ಹನ್ನೆರಡು ವರ್ಷದಲ್ಲಿ ಊರವರ ಮುಂದೆ ಒಮ್ಮೆಯೂ ಅಳದಿದ್ದ ದಿಲ್ಷಾದ್ ಬೇಗಂ ಅವತ್ತು ಕೇಂದ್ರದ ಬಾಗಿಲಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು. ಸಮಾಧಾನ ಮಾಡಲು ಹನ್ನೊಂದು ದಿಲ್ಷಾದಮ್ಮಂದಿರೂ ಒಮ್ಮೆಗೇ ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ಸಾಹೇಬರು ಕಿಟಕಿಯ ಪಕ್ಕಕ್ಕೆ ಸರಿದು ನಿಲ್ಲಬೇಕಾಯಿತು.