ಸ್ಕ್ಯಾನಿನ ಬಾಗಿಲಲ್ಲಿ ಬಿಚ್ಚಿದ ತಾಯಿತ

ಸ್ಕ್ಯಾನ್ ಮಾಡುವ ಹುಡುಗಿಯ ಕೈಯಲ್ಲಿದ್ದ, ಲೋಹ ಹುಡುಕುವ ಕಪ್ಪು ಕೋಲು ಅಕ್ಕನ ಸೊಂಟದ ಹತ್ತಿರ ಬಂದದ್ದೇ ಕೀಂ ಎಂದಿತು. ಹುಡುಗಿ ಇನ್ನೊಮ್ಮೆ ಸವರಿದಳು. ಮತ್ತೆ ಕೀಂ.

"ಅಕ್ಕಾ, ಸೊಂಟದಲ್ಲಿ ಎಂತ ಉಂಟು?"

"ಎಂತದೂ ಇಲ್ಲ."

"ಇಲ್ಲದಿದ್ರೆ ಇದು ಕೂಗುದಿಲ್ಲ. ಒಳಗೆ ಇರುದು ದೊಡ್ಡ ಅಯಸ್ಕಾಂತ. ತೆಗೀರಿ, ಇಲ್ಲದಿದ್ರೆ ನಾನು ಬಿಡುದಿಲ್ಲ."

ಅಕ್ಕ ನನ್ನ ಮುಖ ನೋಡಿದಳು. ನನಗೆ ಗೊತ್ತಾಯಿತು. ಭಾವ ಕಟ್ಟಿಸಿದ ತಗಡಿನ ತಾಯಿತ. ಕರಿಮಣಿ, ಬಳೆ, ಕಾಲುಂಗುರ ಎಲ್ಲ ಆಲಂಕಾರಿನ ಮನೆಯಲ್ಲೇ ಬಿಚ್ಚಿಟ್ಟು ಪುತ್ತೂರಿಗೆ ಬಂದವಳು, ಇದೊಂದನ್ನು ಆಸ್ಪತ್ರೆಯ ಅಂಗಿಯೊಳಗೆ ಅಡಗಿಸಿದ್ದಳು.

ನನ್ನ ಭಾವ ಎಂತಹ ಜನ ಎಂದು ಹೇಳಿಬಿಡುತ್ತೇನೆ. ಹೆಂಡತಿಯ ಎದೆಯಲ್ಲಿ ಗಡ್ಡೆ ಎಂದು ಹೇಳಲು ಅವರಿಗೆ ನಾಚಿಕೆ. ಊರವರು ಕೇಳಿದರೆ ಭುಜದ ನೋವು ಎನ್ನುತ್ತಿದ್ದರು. ಅವಳ ತಲೆಗೂದಲೆಲ್ಲ ಉದುರಿ ಟೊಪ್ಪಿ ಹಾಕಿಕೊಂಡ ಮೇಲೂ ಭುಜದ ನೋವೇ. ಡಾಕ್ಟರ ಹತ್ತಿರ ಕೂತು ಮಾತಾಡಲಿಕ್ಕೆ ನಾನು ಬೇಕು, ಕರೆದುಕೊಂಡು ಹೋಗಲಿಕ್ಕೆ ನನ್ನ ಪಿಕಪ್ಪು ಬೇಕು. ಜೋಯಿಸರ ಹತ್ತಿರ ಕವಡೆ ಹಾಕಿಸಿ ಪ್ರಶ್ನೆ ಇಡಿಸಲು ಮಾತ್ರ ಒಬ್ಬರೇ ಬಸ್ಸು ಹತ್ತಿ ಕೇರಳದ ಗಡಿ ದಾಟಿ ಹೋಗುತ್ತಿದ್ದರು. ಅಲ್ಲಿಂದ ತಂದದ್ದು ಈ ತಾಯಿತ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಮುಗಿಯುವವರೆಗೆ ಬಿಚ್ಚಬಾರದಂತೆ.

ಅಷ್ಟರಲ್ಲಿ ಕೀಮೋ ನಡೆಯುತ್ತಲೇ ಇತ್ತು. ಗಡ್ಡೆ ಕೈಗೆ ಸಣ್ಣದಾಗಿ ಸಿಗತೊಡಗಿತು. ಭಾವ ಅದನ್ನು ತಾಯಿತದ ಲೆಕ್ಕಕ್ಕೆ ಬರೆದರು. "ನೂಲು ಕಟ್ಟಿದ ಮೇಲೆಯೇ ಇಳಿದದ್ದು. ಇನ್ನು ಆ ವಿಷದ ಮದ್ದು ಸಾಕು" ಎಂದು ಶುರುಮಾಡಿದರು. ಡಾಕ್ಟರು ಹೇಳಿದ್ದು ಬೇರೆ. ಗಡ್ಡೆ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಮೇಲೆ ಮುಟ್ಟಿ ನೋಡಿದರೆ ಅದು ತಿಳಿಯುವುದಿಲ್ಲ, ಕೈಯ ನರಕ್ಕೆ ಮದ್ದು ಬಿಟ್ಟು ಎಂಆರ್‌ಐ ಮಾಡಿದರೆ ಆ ನಾಳಗಳು ಬೆಳ್ಳಗೆ ಕಾಣುತ್ತವೆ. ಅದನ್ನು ನೋಡಿದ ಮೇಲೆಯೇ ಆಪರೇಷನ್ ಈಗಲೋ, ಕೀಮೋ ಇನ್ನೂ ಬೇಕೋ ಎಂದು ಹೇಳುವುದು. ಆವತ್ತು ಸ್ಕ್ಯಾನ್ ತಪ್ಪಿದರೆ ಭಾವ ಅವಳನ್ನು ಮತ್ತೆ ಇತ್ತ ಕರೆತರುವುದಿಲ್ಲ. ಅದು ನನಗೂ ಗೊತ್ತು, ಅಕ್ಕನಿಗೂ ಗೊತ್ತು.

ನಾನು ಭಾವನನ್ನು ಕರೆದೆ. ಅವರು ಮೊಬೈಲು ನೋಡುತ್ತಾ ಬಾಗಿಲ ತನಕ ಬಂದರು.

"ತಾಯಿತ ತೆಗೀಬೇಕಂತೆ."

"ಅದು ಆಗುದಿಲ್ಲ ಮಾರಾಯ. ಮಂಡಲ ಮುಗೀಲಿಲ್ಲ. ಮೊದಲೇ ಬಿಚ್ಚಿದ್ರೆ ಬಿಚ್ಚಿದವರ ಮೇಲೆ ಬರ್ತದೆ ಅಂತ ಹೇಳಿದ್ದಾರೆ. ಸ್ಕ್ಯಾನ್ ಮುಂದಿನ ತಿಂಗಳು ಮಾಡುವ."

"ಬರುದಾದ್ರೆ ನಿಮ್ಮ ಮೇಲೆ ಬರ್ಲಿ. ಗಂಡ ಅಲ್ವಾ, ನೀವೇ ಬಿಚ್ಚಿ."

ಭಾವ ಹಿಂದೆ ಸರಿದರು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ತಾಗಿ ನಿಂತರು.

ಅಕ್ಕ ಅದನ್ನು ನೋಡಿದಳು. ಅಲ್ಲಿಯವರೆಗೆ ಅಂಗಿಯ ಮೇಲಿನಿಂದ ತಾಯಿತವನ್ನು ಗಟ್ಟಿ ಹಿಡಿದುಕೊಂಡಿದ್ದವಳು ಕೈ ಒಳಗೆ ಹಾಕಿ ನೂಲನ್ನು ಹರಿದಳು. ನನ್ನ ಅಂಗೈಯಲ್ಲಿಟ್ಟು, "ಹೆದರಿಕೆ ಉಂಟಾದ್ರೆ ಬಿಸಾಡು" ಎಂದು ಹೇಳಿ ಒಳಗೆ ಹೋದಳು.

ಕವುಚಿ ಮಲಗಬೇಕು, ಅಲ್ಲಾಡಬಾರದು, ಯಂತ್ರ ಕಲ್ಲು ಒಡೆದ ಹಾಗೆ ಸದ್ದು ಮಾಡುತ್ತದೆ, ಮದ್ದು ಬಿಟ್ಟಾಗ ಕೈಯೆಲ್ಲ ತಣ್ಣಗಾಗುತ್ತದೆ ಎಂದು ಆಮೇಲೆ ಹೇಳಿದಳು. ಹೊರಗೆ ಭಾವ ನನ್ನಿಂದ ನಾಲ್ಕು ಕುರ್ಚಿ ದೂರ ಕೂತಿದ್ದರು. ತಾಯಿತ ನನ್ನ ಜೇಬಿನಲ್ಲಿತ್ತಲ್ಲ.

ಡಾಕ್ಟರು ಕೀಮೋಗೆ ಮೊದಲು ತೆಗೆದ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ತೋರಿಸಿದರು. ಹಳೆಯದರಲ್ಲಿ ಮದ್ದು ಹೋದ ಕೂಡಲೇ ಗಡ್ಡೆ ಫಳಕ್ಕನೆ ಬೆಳಗಿತ್ತು, ಸುತ್ತ ದಪ್ಪ ನಾಳಗಳು. ಮಾವಿನ ಮರಕ್ಕೆ ಹತ್ತಿದ ಬಂದಣಿಕೆ ನೆನಪಾಯಿತು ನನಗೆ. ಹೊಸದರಲ್ಲಿ ಹೆಚ್ಚಿನದೆಲ್ಲ ಮಂಕು. ಒಂದು ಅಂಚಿನಲ್ಲಿ ಮಾತ್ರ ಸ್ವಲ್ಪ ಬೆಳಕು ಉಳಿದಿತ್ತು. "ಕೀಮೋ ಕೆಲಸ ಮಾಡಿದೆ. ಆದರೆ ಇದು ಇನ್ನೂ ರಕ್ತ ಕುಡೀತಾ ಉಂಟು. ಕಾಯುದು ಬೇಡ, ಆಪರೇಷನ್ ಮಾಡುವ" ಎಂದರು.

ಪಿಕಪ್ಪಿಗೆ ಬಂದ ಕೂಡಲೇ ಭಾವ ಬಾಯಿ ಬಿಟ್ಟರು.

"ನೋಡು, ಬಿಚ್ಚಿದ್ದಕ್ಕೇ ಅಷ್ಟು ಉಳಿದದ್ದು."

ನಾನು ತಾಯಿತ ತೆಗೆದು ಅವರ ಮುಂದೆ ಹಿಡಿದೆ. "ಹಾಗಾದ್ರೆ ತಗೊಳ್ಳಿ, ನೀವೇ ಇಟ್ಕೊಳ್ಳಿ."

"ನನ್ನ ಹತ್ತಿರ ತರ್ಬೇಡ ಮಾರಾಯ."

ಅದನ್ನು ಎದುರಿನ ಕನ್ನಡಿಗೆ ನೇತುಹಾಕಿ ಗಾಡಿ ಬಿಟ್ಟೆ. ಅದು ತಿರುವಿನಲ್ಲೆಲ್ಲ ತೂಗುತ್ತಿತ್ತು. ಈ ದೊಡ್ಡ ಮನುಷ್ಯ ಅದು ತಾಗದ ಹಾಗೆ ಬಾಗಿಲಿಗೆ ಅಂಟಿಕೊಂಡೇ ಬಂದರು. ನಡುವೆ ಕೂತ ಅಕ್ಕನ ತಲೆಯ ಮುಂದೆಯೇ ಅದು ತೂಗುತ್ತಿತ್ತು. ಅವಳು ತಲೆ ತಗ್ಗಿಸಲಿಲ್ಲ.

ಆಲಂಕಾರಿನಲ್ಲಿ ಇಳಿಯುವಾಗ ಭಾವ, "ಆಪರೇಷನ್ನಿಗೆ ಮೊದಲು ಇನ್ನೊಮ್ಮೆ ಪ್ರಶ್ನೆ ಇಡಿಸ್ಬೇಕು" ಎಂದರು.

"ನೀವು ಇಡಿಸ್ತಾ ಇರಿ. ನಾನು ಇವನ ಗಾಡಿಯಲ್ಲಿ ಹೋಗ್ತೇನೆ" ಎಂದಳು ಅಕ್ಕ.

ಹೋದಳು. ಆಪರೇಷನ್ ಆಯಿತು. ಭಾವ ಊರಿನಲ್ಲಿ ಅದನ್ನೂ ಭುಜದ್ದು ಎಂದೇ ಹೇಳಿದ್ದಾರೆ.