ಸಾಯಲು ಊರಿಗೆ ಹೋದವರ ಪಟ್ಟಿ

ಕೋವಿಡ್ ಹಾವಳಿ ತಗ್ಗಿದ ಮರುವರ್ಷ. ನಾನು ಮುಂಬೈಯ ಪರೇಲ್‌ನ ಒಂದು ಆರೋಗ್ಯ ಟ್ರಸ್ಟ್‌ನಲ್ಲಿ ಸ್ಟ್ಯಾಟಿಸ್ಟಿಷಿಯನ್ ಆಗಿದ್ದೆ. ನಿವೃತ್ತಿಗೆ ಹದಿನೆಂಟು ತಿಂಗಳು ಉಳಿದಿತ್ತು. ಟ್ರಸ್ಟ್ ಒಂದು ಎದೆರೋಗದ ಕ್ಲಿನಿಕ್ ತೆರೆಯಲಿತ್ತು. ಅಂಧೇರಿಯಲ್ಲೋ ಭಾಂಡುಪ್‌ನಲ್ಲೋ ಎಂಬುದನ್ನು ಎರಡೂ ಕಡೆಯ ಲೈಫ್ ಎಕ್ಸ್‌ಪೆಕ್ಟೆನ್ಸಿ ನೋಡಿ ತೀರ್ಮಾನಿಸಬೇಕು. ಈಗಿನ ಸಾವಿನ ಪ್ರಮಾಣವೇ ಮುಂದುವರಿದರೆ ಇಂದು ಹುಟ್ಟಿದ ಮಗು ಸರಾಸರಿ ಎಷ್ಟು ವರ್ಷ ಬದುಕೀತು ಎಂಬ ಅಂದಾಜು ಅದು. ಕಡಿಮೆ ಬಂದ ಕಡೆಗೆ ಕ್ಲಿನಿಕ್.

ಭಾಂಡುಪ್ ಗುಡ್ಡದ ಒಂಟಿ ಕೋಣೆಯ ಖೋಲಿಗಳಲ್ಲಿ ಉಡುಪಿ, ಮಂಗಳೂರು ಕಡೆಯ ಹೋಟೆಲ್ ಕೆಲಸಗಾರರು ಎಂಟು ಹತ್ತು ಮಂದಿ ಒಟ್ಟಿಗೆ ಇರುತ್ತಿದ್ದರು. ಯಾವ ಬಾಗಿಲಲ್ಲಿ ನಿಂತರೂ ಕೆಮ್ಮು ಕೇಳುತ್ತಿತ್ತು. ನನ್ನ ಅಂಕಿಗಳ ಟೇಬಲ್‌ನಲ್ಲಿ ಮಾತ್ರ ಅವರೇ ದೀರ್ಘಾಯುಷಿಗಳು! ತಲೆ ಕೆಟ್ಟು, ಅಲ್ಲಿ ವಾಸವಿದ್ದ ಹೋಟೆಲ್ ಅಡುಗೆಯ ಸಂಜೀವಣ್ಣನನ್ನು ಕೇಳಿದೆ.

“ಇಲ್ಲಿ ಯಾರು ಸಾಯ್ತಾರೆ ಮಾರಾಯ್ರೆ? ಇನ್ನು ಆಗುದಿಲ್ಲ ಅಂತ ಗೊತ್ತಾದ ಕೂಡ್ಲೆ ಊರಿನ ಟ್ರೈನ್ ಹತ್ತಿಸುದು. ನನ್ನ ತಮ್ಮನನ್ನೂ ಹಾಗೇ ಕಳಿಸಿದ್ದು.”

ಬದುಕಿರುವಷ್ಟು ದಿನ ಮುಂಬೈಯ ಜನಗಣತಿಯಲ್ಲಿ, ಸಾವು ಮಾತ್ರ ಉಡುಪಿಯ ರಿಜಿಸ್ಟರ್‌ನಲ್ಲಿ. ಕಾಯಿಲೆ ಹತ್ತಿದ್ದು ಇಲ್ಲಿ, ಆಯುಷ್ಯ ಕಡಿಮೆಯೆಂಬ ಹೆಸರು ಊರಿಗೆ. ಮೂವತ್ತು ವರ್ಷ ಅಂಕಿಗಳ ಜೊತೆಗೇ ಏಗಿದ ನನಗೆ ಇದು ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಊರಿಗೆ ಹೋಗಿ ತೀರಿಕೊಂಡವರನ್ನೂ ಲೆಕ್ಕಕ್ಕೆ ಸೇರಿಸಲು ಪಟ್ಟಿ ಮಾಡಹೊರಟೆ. ಅವರ ಹೆಸರು ಹೇಳಲು ಜನ ಹೆದರಿದರು. ಕೆಮ್ಮಿನ ಖೋಲಿಯೆಂದು ಗೊತ್ತಾದರೆ ಹೋಟೆಲಿನವರು ಕೆಲಸದಿಂದ ತೆಗೆದಾರು ಎಂಬ ಭಯ. ಸಂಜೀವಣ್ಣ ನಾಲ್ಕು ವಾರ ತಮ್ಮ ರಜೆಯ ದಿನ ನನ್ನ ಜೊತೆ ಗುಡ್ಡ ಹತ್ತಿ ಇಳಿದು, “ಇವರು ನಮ್ಮವರೇ, ಹೇಳಿ” ಎಂದು ಒಪ್ಪಿಸಿದರು. ಮೂವತ್ತೊಂದು ಹೆಸರು ಸಿಕ್ಕಿತು. ಕ್ಲಿನಿಕ್ ಇಲ್ಲಿಗೇ ಬರುತ್ತದೆ ಎಂದು ನಾನು ಮಾತು ಕೊಟ್ಟೆ.

ಪಟ್ಟಿಯನ್ನು ವರದಿಗೆ ಅನುಬಂಧವಾಗಿ ಸೇರಿಸಿ ನಿರ್ದೇಶಕ ಡಾಕ್ಟರ್ ನಾಗರಾಜ್‌ಗೆ ಕೊಟ್ಟೆ. ನಾವಿಬ್ಬರೂ ಮೈಸೂರಿನವರು, ಇಪ್ಪತ್ತು ವರ್ಷ ಡಬ್ಬಿಯ ಊಟ ಹಂಚಿಕೊಂಡವರು. ಅಂತಿಮ ಪ್ರತಿ ಬರುವ ಮೊದಲೇ ಕೊನೆಯ ಪುಟಕ್ಕೆ ಸಹಿ ಹಾಕಿಕೊಡುವುದು ನಮ್ಮಲ್ಲಿ ರೂಢಿ. ಹಾಕಿದೆ.

ಅಚ್ಚಾಗಿ ಬಂದ ವರದಿಯಲ್ಲಿ ಅನುಬಂಧವೇ ಇರಲಿಲ್ಲ. ಕ್ಲಿನಿಕ್ ಅಂಧೇರಿಗೆ.

“ಅವರು ಸತ್ತಿದ್ದು ಕರ್ನಾಟಕದಲ್ಲಿ ಕಣಯ್ಯ, ನಮ್ಮ ಟೇಬಲ್‌ಗೆ ಬರಲ್ಲ,” ಎಂದರು ನಾಗರಾಜ್, ಮುಖ ನೋಡದೆ. ಅಂಧೇರಿಯಲ್ಲಿ ಜಾಗ ಮೊದಲೇ ನಿಗದಿಯಾಗಿತ್ತಂತೆ. ಜೊತೆಯಲ್ಲಿ ಕೂತು ಉಂಡವರೇ ಕತ್ತು ಕೊಯ್ದಿದ್ದರು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ವರದಿ ಹಿಡಿದು ಭಾಂಡುಪ್‌ಗೆ ಹೋದೆ. ಸಂಜೀವಣ್ಣ ಕೊನೆಯ ಪುಟದವರೆಗೂ ತಿರುವಿದರು. “ಇದರಲ್ಲಿ ನಿಮ್ಮ ಸಹಿ ಉಂಟಲ್ಲ ಸರ್?”

ಡಾಕ್ಟರು ನನಗೆ ಮೋಸ ಮಾಡಿದರು ಎಂದೆ.

“ಆ ಡಾಕ್ಟರು ಯಾರಂತ ನಮಗೆ ಗೊತ್ತಿಲ್ಲ. ಹೆಸರು ಬರ್ಕೊಂಡು ಹೋದದ್ದು ನೀವು.”

ಓದದೆ ಸಹಿ ಹಾಕಬಾರದು ಎಂಬುದನ್ನು ಯಾವ ಗುಮಾಸ್ತನಾದರೂ ಹೇಳಿಯಾನು. ವೃತ್ತಿ ನನಗೆ ಕಲಿಸಿದ್ದು ಬೇರೆ. ಮನೆಬಾಗಿಲಿಗೆ ಹೋಗಿ ಮಾತು ಕೊಟ್ಟವನಿಗೆ, ನನಗೂ ಮೋಸವಾಯಿತು ಎಂದು ಅಳುವ ಹಕ್ಕು ಇರುವುದಿಲ್ಲ.