ಟೀಚರ್ರ ಪಾಲಿನ ಹಂಚು

ನನಗೆ ಮೂಗಿನ ತುದಿಯಲ್ಲೇ ಕೋಪ. ದಾವಣಗೆರೆ ಕಡೆಯಿಂದ ಬೀಜಾಡಿ ಕಡೆಯ ಕಡಲತಡಿಯ ಪುಟ್ಟ ಸರಕಾರಿ ಶಾಲೆಗೆ ಬಂದು ಎರಡು ವರ್ಷವಾದರೂ ಅದು ಒಂದಿಷ್ಟೂ ಇಳಿದಿರಲಿಲ್ಲ.

ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾಗಿದ್ದ ಕಾಲ. ನಮ್ಮ ಒಂದನೇ ತರಗತಿಯ ಮಾಡು ಸೋರುತ್ತಿತ್ತು. ಇಲ್ಲಿ ಛಾವಣಿಗೆ ಮಾಡು ಎನ್ನುತ್ತಾರೆ. ನಾನು ಆ ಪದ ಕಲಿತದ್ದೇ ಅದು ಸೋರತೊಡಗಿದ ಮೇಲೆ. ಇಲಾಖೆಯ ಅಧಿಕಾರಿ ಬಂದರು. ಹಂಚಿನಡಿಯ ಗೆದ್ದಲು ಹಿಡಿದ ಪಕಾಸಿನ ಮರಗಳನ್ನು ನೋಡಿ, ಮಳೆಗಾಲದೊಳಗೆ ಇದು ಸರಿಯಾಗದಿದ್ದರೆ ಮಕ್ಕಳನ್ನು ಹೆದ್ದಾರಿಯ ಆಚೆಯ ಶಾಲೆಗೆ ಸೇರಿಸಬೇಕಾಗುತ್ತದೆ ಎಂದರು. ಆರು ವರ್ಷದ ಮಕ್ಕಳು, ಆ ಲಾರಿ ಟ್ಯಾಂಕರುಗಳ ನಡುವೆ ರಸ್ತೆ ದಾಟಬೇಕು. ಅಂದು ನನಗೆ ಊಟ ಸೇರಲಿಲ್ಲ.

ಪೋಷಕರ ಸಭೆ ಕರೆದೆ. ಬೆಳಿಗ್ಗೆ ಹನ್ನೊಂದಕ್ಕೆ, 'ತಪ್ಪದೆ ಹಾಜರಿರತಕ್ಕದ್ದು' ಎಂದು ಮುದ್ದಾಗಿ ಬರೆದು ಮನೆಮನೆಗೆ ಚೀಟಿ ಕಳಿಸಿದೆ. ಹನ್ನೊಂದಾಯಿತು, ಹನ್ನೆರಡಾಯಿತು, ಒಂದು ನರಪಿಳ್ಳೆಯೂ ಬರಲಿಲ್ಲ. ಇವರಿಗೆ ಮಕ್ಕಳೆಂದರೆ ಅಷ್ಟೇ ಎಂದು ಗೊಣಗುತ್ತ, ಬೈದೇ ಬರುತ್ತೇನೆಂದು ಕಡಲಿಗೆ ಹೋದೆ.

ಊರಿಗೆ ಊರೇ ಅಲ್ಲಿತ್ತು. ಕೈರಂಪಣಿ ಬಲೆಯ ಎರಡು ಹಗ್ಗಗಳನ್ನು ಹಿಡಿದು ಗಂಡಸರು ಹೆಂಗಸರು ದಡಕ್ಕೆ ಎಳೆಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮೀನು ಮಾರುವ ಅಜ್ಜಿಯೊಬ್ಬರು ಕೂಗಿದರು:

"ಹ್ವಾಯ್ ಟೀಚರ್ರೆ, ಬಲಿ ನೀರಂಗ್ ಇಪ್ಪತಿಗೆ ಮೀಟಿಂಗ್ ಕರದ್ರೆ ಯಾರ್ ಬತ್ರ್? ಬೈಯೂದ್ ಕಡಿಗೆ ಬೈನಿ, ಈಗ ಹಗ್ಗ ಹಿಡ್ಕಣಿ."

ಅವರ ಮೊಮ್ಮಗಳು ಜೂನಿನಲ್ಲಿ ನಮ್ಮ ಒಂದನೇ ತರಗತಿಗೆ ಸೇರುವವಳು. ಬಲೆ ನೀರಿನಲ್ಲಿರುವ ಹೊತ್ತಿಗೇ ಸಭೆ ಕರೆದಿದ್ದೆನಲ್ಲ ಎಂದು ನಾಚಿಕೆಯಾಯಿತು. ಚಪ್ಪಲಿ ಮರಳಲ್ಲಿ ಬಿಟ್ಟು, ಸೆರಗು ಸಿಕ್ಕಿಸಿ ಹಗ್ಗ ಹಿಡಿದೆ. ಅಂಗೈ ಕೆಂಪಾಯಿತು, ಬಲೆ ದಡ ಸೇರಿತು. ಹಗ್ಗ ಮುಟ್ಟಿದವರಿಗೆಲ್ಲ ಮೀನಿನ ಪಾಲು ಹಂಚುವುದು ಅಲ್ಲಿಯ ಕ್ರಮ. ನನ್ನ ಮುಂದೆಯೂ ಒಂದು ರಾಶಿ ಬೂತಾಯಿ ಮೀನು ಬಿತ್ತು.

"ಅಯ್ಯೋ ಬೇಡ, ನಾನು ತಿನ್ನುವವಳಲ್ಲ" ಎಂದುಬಿಟ್ಟೆ.

ಪಾಲು ಹಂಚುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. ಏನೋ ತಪ್ಪಾಗಿದೆ ಎಂದಷ್ಟೇ ತಿಳಿಯಿತು. ಅಜ್ಜಿ ಮೆಲ್ಲಗೆ ಹೇಳಿದರು:

"ತಿಂಬುದ್ ಬಿಡುದ್ ನಿಮ್ಗ್ ಬಿಟ್ಟದ್. ಹಗ್ಗ ಹಿಡ್ದರ್ ಪಾಲ್ ಬಿಟ್ಟಿಕ್ ಹೋಪುಕಾಗ."

ಪಾಲು ಬಿಟ್ಟು ಹೋಗುವಂತಿಲ್ಲ ಎಂದಾಯಿತು; ಚೀಲದಲ್ಲಿದ್ದ ಬುತ್ತಿಡಬ್ಬಿ ತೆರೆದು ಹಿಡಿದೆ. ಉಸಿರು ಬಿಗಿಹಿಡಿದು ಒಯ್ದು ಶಾಲೆಯ ಅಡುಗೆಯವರ ಕೈಗಿತ್ತೆ. ಅದಕ್ಕೂ ಮುಂಚೆ ದಡದಲ್ಲೇ ನಿಂತು, ಅಧಿಕಾರಿ ಹೇಳಿದ್ದನ್ನೆಲ್ಲ ಹೇಳಿದ್ದೆ. ಈ ಸಲ ಬೈಗುಳ ಇರಲಿಲ್ಲ.

ಬಲೆ ಬಿಡದ ದಿನ ನೋಡಿ ಅವರೇ ಬಂದರು. ಮರ ಒಬ್ಬರ ಮನೆಯದು, ಹಂಚು ತಾರಸಿಯಾಗುತ್ತಿದ್ದ ಇನ್ನೊಬ್ಬರ ಹಳೇ ಮನೆಯದು. ಮಾಡಿನ ನಡುಮರವನ್ನು ಬಲೆಯ ಹಗ್ಗದಿಂದಲೇ ಮೇಲೆಳೆದರು, ಕೂಗು ಕೂಡ ಬಲೆ ಎಳೆಯುವಾಗಿನದೇ. ಹೆಂಗಸರು ಸಾಲಾಗಿ ನಿಂತು ಹಂಚು ದಾಟಿಸಿದರು. ಮೇ ಮುಗಿಯುವುದರೊಳಗೆ ಮಾಡು ಎದ್ದಿತು.

ಕೊನೆಯ ದಿನ ಕೆಲಸ ಮುಗಿದರೂ ಯಾರೂ ಹೊರಡಲಿಲ್ಲ. ಮಜ್ಜಿಗೆ ಕೊಟ್ಟೆ, ಕುಡಿದು ಮತ್ತೆ ನಿಂತರು.

"ಪಾಲ್ ಆಯ್ಲಿಲ್ಲೆ ಅಲ್ದಾ?" ಎಂದರು ಅಜ್ಜಿ.

"ನನ್ನ ಹತ್ತಿರ ಕೊಡಲು ಏನಿದೆಯಮ್ಮಾ?"

"ಇಷ್ಟ್ ದೊಡ್ಡ್ ಮಾಡ್ ಇತ್ತಲೆ!"

ಕೋಲು ಎತ್ತಿ ತೋರಿಸುತ್ತ ಅವರೇ ಮಾಡನ್ನು ಪಾಲು ಮಾಡಿದರು. ಬಾಗಿಲಿನಿಂದ ಕಿಟಕಿಯವರೆಗೆ ಒಂದು ಮನೆಯವರದು, ಅಲ್ಲಿಂದಾಚೆ ಇನ್ನೊಂದು ಮನೆಯವರದು, ಹೀಗೆ. ಸೋರಿದರೆ ಆಯಾ ಪಾಲಿನವರೇ ನೋಡಿಕೊಳ್ಳಬೇಕು. ಕರಿಹಲಗೆಯ ಮೇಲಿನ ಮೂಲೆ ನನ್ನ ಪಾಲಿಗೆ ಬಂತು. ಅಲ್ಲಿ ಇಡದೆ ಉಳಿಸಿದ್ದ ಒಂದು ಹಂಚನ್ನು ಎಲ್ಲರೂ ಹುರಿದುಂಬಿಸಿ ನನ್ನ ಕೈಯಲ್ಲೇ ಇಡಿಸಿದರು.

ಜೂನ್ ಮೊದಲ ವಾರ ಜಡಿಮಳೆಯಲ್ಲೇ ಅಧಿಕಾರಿ ಬಂದರು. ಮೊಮ್ಮಗಳನ್ನು ಬಿಡಲು ಬಂದ ಅಜ್ಜಿ ಬಾಗಿಲಲ್ಲಿದ್ದರು. ಅಧಿಕಾರಿ ಒಂದೊಂದೇ ಸಾಲು ನೋಡುತ್ತ ಕರಿಹಲಗೆಯ ಹತ್ತಿರ ಹೋದರು. ಟಪ್ಪೆಂದು ಒಂದು ಹನಿ ಅವರ ಫೈಲಿನ ಮೇಲೆ ಬಿತ್ತು.

"ಅದೊಂದ್ ಟೀಚರ್ ಇಟ್ಟದ್ದ್ ಸರ್," ಎಂದರು ಅಜ್ಜಿ. "ಬಾಕಿ ಎಲ್ಲ ನಮ್ದ್. ಕಾಣಿ, ಎಲ್ಲಿಯಾರೂ ಸೋರತ್ತಾ?"

ಅಧಿಕಾರಿ ನಕ್ಕುಬಿಟ್ಟರು. ಕೋಣೆ ಚೆನ್ನಾಗಿದೆ, ತರಗತಿ ಇಲ್ಲೇ ನಡೆಯಲಿ ಎಂದು ಒದ್ದೆ ಫೈಲಿನಲ್ಲೇ ಬರೆದು ಸಹಿ ಹಾಕಿದರು. ಮಕ್ಕಳು ಹೆದ್ದಾರಿ ದಾಟಬೇಕಾಗಲಿಲ್ಲ. ನಾನು ಮಕ್ಕಳೆದುರೇ ಕಣ್ಣೊರೆಸಿಕೊಂಡೆ.

ಜೀಪು ಹೋದ ಮೇಲೆ ಅಜ್ಜಿ ಏಣಿ ತಂದು ಕರಿಹಲಗೆಯ ಪಕ್ಕ ಒರಗಿಸಿದರು.

"ಹತ್ತಿ."

"ನಾನಾ?"

"ಮತ್ತ್ ಯಾರ್? ಪಾಲ್ ನಿಮ್ದಲ್ದಾ?"

ಸೆರಗು ಸಿಕ್ಕಿಸಿಕೊಂಡೆ. ಆ ಊರಲ್ಲಿ ಅವತ್ತಿನವರೆಗೆ ನಾನು ಹೊರಗಿನಿಂದ ಬಂದವಳಾಗಿದ್ದೆ. ಮೊಮ್ಮಗಳು ಏಣಿಯ ಬುಡ ಹಿಡಿದುಕೊಂಡಳು, ನಾನು ಹತ್ತಿ ನನ್ನ ಹಂಚು ಸರಿಮಾಡಿದೆ.